ಬುಟ್ಟಿ ಮೇಲೆ ಬರೆದ್ರೆ ಅದು ಕಲೆ ಅಲ್ವಾ?

ಭೂಮಿ ಹುಣ್ಣಿಮೆ ಹತ್ತಿರ ಬಂತು. ನಮ್ಮ ಸಾಗರ, ಸೊರಬ ಕಡೆ ದೀವರ ಮನೆಗಳಲ್ಲಿ ಭೂಮಣ್ಣಿ ಬುಟ್ಟಿ ಅಟ್ಟದಿಂದ ಕೆಳಗಿಳಿದಿದೆ. ಇನ್ನು ಫೋನು ಹಿಡ್ಕೊಂಡು ಬರೋರ ಕಾಲ. ಫೋಟೊ ಹೊಡೀತಾರೆ, "ಎಷ್ಟು ಚೆಂದದ ಕರಕುಶಲ" ಅಂತ ಬರೀತಾರೆ. ನನ್ನ ತಕರಾರು ಆ "ಕರಕುಶಲ" ಅನ್ನೋ ಮಾತಿನ ಮೇಲೆ.

ಬಿದಿರಿನ ಬುಟ್ಟಿಗೆ ಮೊದಲು ಸಗಣಿ ಬಳೀತಾರೆ, ಒಣಗಿದ ಮೇಲೆ ಕೆಮ್ಮಣ್ಣು. ನೆನೆಸಿ ಅರೆದ ಅಕ್ಕಿಯಿಂದ ಬಿಳಿ, ಕರಿಕಲಾಗೋ ತನಕ ಹುರಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಂದ ಹಳದಿ. ಕುಂಚ ಪುಂಡಿ ನಾರಿಂದು. ಪೆನ್ಸಿಲ್ಲಿಲ್ಲ, ಸ್ಕೇಲಿಲ್ಲ. ಬುಟ್ಟಿ ಗುಂಡಗೆ, ಬಾಯಿ ಅಗಲ, ತಳ ಕಿರಿದು. ಅಂಥಾದ್ದರ ಸುತ್ತ ಎಳೆದ ಗೆರೆ ಶುರುವಾದ ಜಾಗಕ್ಕೇ ಬಂದು ಕೂಡಬೇಕು. ಎಷ್ಟು ಮನೆ ಹಾಕಿದ್ರೆ ಕೊನೇಲಿ ಅರ್ಧ ಮನೆ ಉಳಿಯಲ್ಲ ಅನ್ನೋ ಲೆಕ್ಕ ಆ ಹೆಂಗಸಿನ ಕಣ್ಣಲ್ಲೇ ಇರುತ್ತೆ.

"ಅಜ್ಜಿ ಬರೆದದ್ದನ್ನೇ ಮೊಮ್ಮಗಳು ಬರೀತಾಳೆ, ಹೊಸದೇನಿದೆ?" ಅಂತ ಓದಿದೋರೇ ಕೇಳ್ತಾರೆ. ಸ್ವಾಮಿ, ಸಂಗೀತದವರು ಹಾಡೋದೂ ಹಿಂದಿನವರು ಕೊಟ್ಟ ರಾಗಾನೇ. ಅವರನ್ನ ಕಲಾವಿದರು ಅನ್ನೋಕೆ ನಿಮಗೆ ಬಾಯಿ ಬರುತ್ತೆ. ಒಂದೇ ಕೇರಿಯ ಎರಡು ಬುಟ್ಟಿ ಪಕ್ಕದಲ್ಲಿಡಿ. ಯಾವುದು ಯಾರ ಕೈ ಅಂತ ಕೇರಿ ಹೆಂಗಸರು ಹೇಳಿಬಿಡ್ತಾರೆ.

ದಸರಾ ಹೊತ್ತಿಂದ ಕೂತು ಬರೆದ ಈ ಬುಟ್ಟಿ ಹೋಗೋದಾದ್ರೂ ಎಲ್ಲಿಗೆ? ರಾತ್ರಿಯೆಲ್ಲ ಅಡುಗೆ ಮಾಡಿ, ಬೆಳಕು ಹರಿಯೋ ಮುಂಚೆ ತಲೆ ಮೇಲೆ ಹೊತ್ತು ಗದ್ದೆಗೆ. ಭತ್ತ ಹೊಡೆ ಬಂದಿರೋ ಹೊತ್ತು. ಭೂಮಿ ಬಸುರಿ, ಅವಳ ಬಯಕೆ ಊಟ ಅದು. ನೋಡೋಕೆ ಮಂದಿ ಇಲ್ಲ, ಚಪ್ಪಾಳೆ ಇಲ್ಲ. ಆದ್ರೂ ಒಂದು ಗೆರೆ ಸೊಟ್ಟ ಬಿಡಲ್ಲ. ಯಾರೂ ನೋಡದ ಕಡೆ ಇಷ್ಟು ಶ್ರದ್ಧೆಯಿಂದ ಬರೆದದ್ದು ಕಲೆ ಅಲ್ಲ ಅಂದ್ರೆ ಮತ್ತೆ ಯಾವುದು ಕಲೆ?

ಈಗ ಕೆಲವು ಬುಟ್ಟಿಗೆ ಅಂಗಡಿ ಬಣ್ಣ ಬಂದಿದೆ. ಹಚ್ಚಿದ ಹೆಂಗಸರ ಮೇಲೆ ನನಗೆ ಸಿಟ್ಟಿಲ್ಲ. ಹಗಲೆಲ್ಲ ತೋಟದ ಕೂಲಿ ಮುಗಿಸಿ ಬಂದವಳಿಗೆ ಅಕ್ಕಿ ಅರೆಯೋಕೆ ಹೊತ್ತೆಲ್ಲಿದೆ? ನನ್ನ ಸಿಟ್ಟು ಬೇರೆಯವರ ಮೇಲೆ. ಇದೇ ಚಿತ್ತಾರವನ್ನ ರೆಸಾರ್ಟಿನ ಗೋಡೆಗೆ ಬರೆಸೋವಾಗ ಸುಣ್ಣ ಬಳಿಯೋರಿಗೆ ಕೊಟ್ಟ ಹಾಗೆ ಚದರಡಿ ಲೆಕ್ಕ ಹಾಕೋರು, ಆಮೇಲೆ ಅದರ ಕೆಳಗೆ "ಜಾನಪದ ಕಲೆ" ಅಂತ ಬೋರ್ಡ್ ಹಾಕಿ ಬರೆದವಳ ಹೆಸರು ಬಿಡೋರು. ದುಡ್ಡು ಕೊಡೋವಾಗ ಕೂಲಿ, ಹೆಮ್ಮೆ ಪಡೋವಾಗ ಕಲೆ. ಇದ್ಯಾವ ನ್ಯಾಯ?

ಈ ಸಲ ಬುಟ್ಟಿ ಫೋಟೊ ಹಾಕೋರಿಗೆ ಒಂದೇ ಮಾತು. ಬರೆದವರನ್ನ ಕೇಳಿ, ಅವರು ಒಪ್ಪಿದ್ರೆ ಅವರ ಹೆಸರು ಹಾಕಿ. ಬರೆಸೋದಾದ್ರೆ ಕಲಾವಿದರಿಗೆ ಕೊಡೋ ಹಾಗೆ ಕೊಡಿ. ಅಷ್ಟೂ ಆಗಲ್ವಾ, ಫೋನು ಜೇಬಲ್ಲೇ ಇರಲಿ. ಗದ್ದೆ ಬದುವಿಗೆ ಬನ್ನಿ, ಬಾಳೆ ಎಲೆ ಹಾಕಿ ಬಡಿಸ್ತೀವಿ, ಉಂಡು ಹೋಗಿ.