ಬೆರಳುದ್ದದ ವಾಲ್ವ್ ಮೇಲೇಕೆ ಇಷ್ಟು ಸಿಟ್ಟು?

"ಅದೇನ್ ಬ್ಯಾಡ ಬಿಡ್ರೀ ಸರ, ತೆಗೆದು ಒಗದ್ರೆ ಎಂಜಿನ್ ಫ್ರೀ ಆಗ್ತತಿ."

ದಾವಣಗೆರೆಯಲ್ಲೂ ಹರಿಹರದಲ್ಲೂ ಹಳೇ ಕಾರು ಇಟ್ಟುಕೊಂಡವರು ಈ ಮಾತು ಕೇಳಿಯೇ ಇರುತ್ತೀರಿ. 'ಅದು' ಅಂದರೆ ಪಿಸಿವಿ ವಾಲ್ವ್. ಕೋಡು ಬರೆಯುವವನಿಗೇಕೆ ಈ ಉಸಾಬರಿ ಅಂತೀರಾ? ನಮ್ಮನೆ ಗಾಡಿಯದ್ದನ್ನೂ ಕೇಳದೇ ಕಿತ್ತು, ಆ ಜಾಗಕ್ಕೆ ಬರೀ ಪೈಪ್ ತುರುಕಿದ್ದರು. ಓದಿದ್ದು ಮೆಕ್ಯಾನಿಕಲ್ ನೋಡಿ, ಹೊಟ್ಟೆ ಉರಿಯಿತು :)

ಪಿಸ್ಟನ್ ರಿಂಗು ಎಷ್ಟೇ ಬಿಗಿಯಿದ್ದರೂ ಒಂದಿಷ್ಟು ಅನಿಲ ಜಾರಿ ಕೆಳಗೆ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಬಹುಪಾಲು ಉರಿಯದ ಪೆಟ್ರೋಲ್ ಆವಿ ಬೆರೆತ ಗಾಳಿ, ಜೊತೆಗೆ ನೀರಾವಿ. ಹಿಂದೆ ಅದನ್ನು ಪೈಪಿನಲ್ಲಿ ರಸ್ತೆಗೇ ಬಿಡುತ್ತಿದ್ದರು. ಹೊಗೆ ತಾಳಲಾರದೆ ಕ್ಯಾಲಿಫೋರ್ನಿಯಾದವರು 1961ರ ಮಾಡೆಲ್‌ಗಳಿಂದ ಅದನ್ನು ಎಂಜಿನ್ನಿಗೇ ವಾಪಸ್ ಎಳೆದು ಸುಡುವ ವ್ಯವಸ್ಥೆ ತಂದರು.

ಎಲ್ಲರೂ ಮರೆಯುವುದು ವಾಲ್ವಿನ ಇನ್ನೊಂದು ಕೆಲಸ. ಕಾರ್ಬ್ಯುರೇಟರ್ ಗಾಡಿ ಒಮ್ಮೊಮ್ಮೆ 'ಢಬ್' ಅಂತ ಹಿಮ್ಮುಖ ಸಿಡಿಯುತ್ತದಲ್ಲ, ಆಗ ಇನ್‌ಟೇಕಿನ ಒತ್ತಡ ಒಳಗಿನ ಪುಟ್ಟ ಗುಂಡಿಯನ್ನು ತಳ್ಳಿ ದಾರಿ ಮುಚ್ಚಿಬಿಡುತ್ತದೆ. ಬೆಂಕಿ ಕ್ರ್ಯಾಂಕ್‌ಕೇಸಿಗೆ ಇಳಿಯುವುದಿಲ್ಲ. ಕೆಲವು ಗಾಡಿಗಳಲ್ಲಿ ಇದೇ ಕೆಲಸಕ್ಕೆ ತಂತಿ ಜಾಲರಿ ಇರುತ್ತದೆ, ಅದನ್ನು "ಕಸ" ಅಂತ ಎಸೆಯುತ್ತಾರೆ. ಬರೀ ಪೈಪ್ ಹಾಕಿದರೆ ಬೆಂಕಿಗೂ ಪೆಟ್ರೋಲ್ ಆವಿಗೂ ನಡುವೆ ಏನೂ ಇಲ್ಲ! ಗ್ಯಾಸ್ ಕಿಟ್ ಹಾಕಿದ ಹಳೇ ಗಾಡಿಗಳು ಇನ್ನೂ ಹೆಚ್ಚು ಸಿಡಿಯುತ್ತವೆ. ಅಂಥ ಓಮ್ನಿಗಳಲ್ಲಿ ಸ್ಕೂಲ್ ಮಕ್ಕಳನ್ನು ಹೇಗೆ ತುಂಬುತ್ತಾರೆ ಅಂತ ನಾನು ಹೇಳಬೇಕಿಲ್ಲ...

"ವಾಲ್ವ್ ಕಟ್ಟಿಕೊಂಡು ಆಯಿಲ್ ಸೋರ್ತತಿ" ಅನ್ನೋ ವಾದವೂ ಇದೆ. ನಿಜ, ಕಟ್ಟಿಕೊಂಡರೆ ಒತ್ತಡ ಏರಿ ಸೀಲುಗಳಿಂದ ಆಯಿಲ್ ಹೊರಬರುತ್ತದೆ. ಅದಕ್ಕೆ ಹೊಸ ವಾಲ್ವ್ ಹಾಕಬೇಕಲ್ಲವೇ? ಮೂಗು ಕಟ್ಟಿದರೆ ಮೂಗು ಕೊಯ್ಯುತ್ತಾರಾ? ಮೈಸೂರು ಕಿರ್ಲೋಸ್ಕರ್ ಲೇತುಗಳನ್ನು ಮಾಡಿದ ಹರಿಹರದಲ್ಲೂ ಈ ವಾದ ನಡೆಯುತ್ತದೆ ಅನ್ನೋದೇ ಸಂಕಟ.

ಎಮಿಷನ್ ಟೆಸ್ಟ್ ಹಿಡಿಯುತ್ತೆ ಅಂದುಕೊಂಡಿರಾ? ಅಲ್ಲಿ ಕಡ್ಡಿ ತೂರಿಸುವುದು ಸೈಲೆನ್ಸರಿಗೆ. ಪೈಪನ್ನು ಕೆಳಗೆ ಜೋತುಬಿಟ್ಟು ಹಸಿ ಆವಿಯನ್ನು ರಸ್ತೆಗೆ ಕಾರುವ ಗಾಡಿಯೂ ಆರಾಮಾಗಿ ಪಾಸಾಗಬಹುದು.

ವಾಲ್ವ್ ಬಿಚ್ಚಿ ಕಿವಿ ಹತ್ತಿರ ಅಲ್ಲಾಡಿಸಿ. ಟಕಟಕ ಅನ್ನದಿದ್ದರೆ ಹೊಸದು ತನ್ನಿ, ಹಾಕುವಾಗ ಪಕ್ಕದಲ್ಲೇ ನಿಂತಿರಿ.