ಬಾನೆಟ್ಟಿನ ಕೆಳಗಿನ ಕೀರಲು ದನಿ

ರೆಸ್ಟನ್ನಿನ ಜನವರಿಯ ಮುಂಜಾವುಗಳಲ್ಲಿ ಕಾರನ್ನು ಚಾಲೂ ಮಾಡಿದೊಡನೆ ಎಂಜಿನ್ನಿನಿಂದ ಕೀರಲು ದನಿಯೊಂದು ಹೊರಡುತ್ತಿತ್ತು. ಎರಡು ನಿಮಿಷಗಳಲ್ಲಿ ತಾನೇ ಅಡಗುತ್ತಿತ್ತು. "ಎದೆ ನೋಯುತ್ತದೆ, ಆಮೇಲೆ ಹೋಗಿಬಿಡುತ್ತದೆ" ಎನ್ನುವ ರೋಗಿಯನ್ನು ಪರೀಕ್ಷಿಸದೆ ಮನೆಗೆ ಕಳುಹಿಸದ ನಾನು ನನ್ನದೇ ಕಾರಿನ ವಿಷಯದಲ್ಲಿ ಆರು ವಾರ ಸುಮ್ಮನಿದ್ದೆ. ನಡುವೆ ಬೆಲ್ಟಿಗೆ ಸಿಂಪಡಿಸುವ ದ್ರಾವಣದ ಡಬ್ಬಿಯೊಂದನ್ನು ತಂದು ಹೊಡೆದೆ. ದನಿ ನಿಂತಿತು, ಗುಣವಾಯಿತೆಂದೇ ಭಾವಿಸಿದೆ.

ಒಂದು ಸಂಜೆ ಡಲ್ಲಸ್ ಟೋಲ್ ರಸ್ತೆಯಲ್ಲಿ ಬ್ಯಾಟರಿಯ ಕೆಂಪು ದೀಪ ಹೊತ್ತಿತು. ಮರುಕ್ಷಣವೇ ಸ್ಟಿಯರಿಂಗ್ ಕಲ್ಲಿನಂತೆ ಬಿಗಿಯಾಯಿತು, ತಾಪದ ಮುಳ್ಳು ಮೇಲೇರತೊಡಗಿತು. ಹೇಗೋ ರಸ್ತೆಯ ಅಂಚಿಗೆ ತಂದು ಎಂಜಿನ್ ಆರಿಸಿದೆ. ಆಲ್ಟರ್ನೇಟರ್, ನೀರಿನ ಪಂಪು, ಸ್ಟಿಯರಿಂಗ್ ಪಂಪು, ಏಸಿ ಕಂಪ್ರೆಸರ್ ನಾಲ್ಕನ್ನೂ ತಿರುಗಿಸುತ್ತಿದ್ದ ಒಂದೇ ಒಂದು ರಬ್ಬರಿನ ಪಟ್ಟಿ ಹರಿದಿತ್ತು. ಲಾರಿಗಳು ಪಕ್ಕದಲ್ಲಿ ಹಾಯುವಾಗ ಕಾರೇ ನಡುಗುತ್ತಿತ್ತು. ಹಿಂದಿನ ಸೀಟಿನಲ್ಲಿ ಮಗಳಿದ್ದಳು.

ಕಾರನ್ನು ನೋಡಿದ ಮೆಕ್ಯಾನಿಕ್ ಎಲ್ ಸಾಲ್ವಡಾರಿನಿಂದ ಬಂದವರು. ಸದ್ದು ಚಳಿಯಲ್ಲೋ ಬಿಸಿಯಲ್ಲೋ? ಮಳೆಯ ದಿನ ಹೆಚ್ಚೋ? ಏಸಿ ಹಾಕಿದಾಗಲೋ, ಸ್ಟಿಯರಿಂಗ್ ತಿರುಗಿಸಿದಾಗಲೋ? ಇಷ್ಟು ಅಚ್ಚುಕಟ್ಟಾಗಿ ರೋಗಚರಿತ್ರೆ ಕೇಳುವ ಕಿರಿಯ ವೈದ್ಯರು ವಿರಳ. ಓಡುವ ಬೆಲ್ಟಿನ ಮೇಲೆ ದೂರದಿಂದ ತುಸು ನೀರು ಚಿಮುಕಿಸಬೇಕಂತೆ. ಸದ್ದು ಕ್ಷಣಕಾಲ ಅಡಗಿ ಮರಳಿದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಜೋರಾದರೆ ಬೆಲ್ಟ್ ಸಡಿಲವಾಗಿ ಜಾರುತ್ತಿದೆ. ಹಳೆಯ ಬೆಲ್ಟುಗಳು ಬಿರುಕು ಬಿಟ್ಟು ಮುನ್ಸೂಚನೆ ಕೊಡುತ್ತಿದ್ದವು; ಈಗಿನ ಇಪಿಡಿಎಂ ರಬ್ಬರಿನವು ಬಿರಿಯದೆ ಒಳಗೊಳಗೇ ಸವೆಯುತ್ತವೆ, ಗೆರೆಗಳ ಆಳವನ್ನು ಅಳೆದೇ ತಿಳಿಯಬೇಕು. ನನ್ನ ಕಾರಿನಲ್ಲಿ ಮೂಲ ದೋಷ ಬೆಲ್ಟಿನದಲ್ಲ, ಅದನ್ನು ಬಿಗಿಹಿಡಿಯುವ ಟೆನ್ಷನರಿನ ಸೋತ ಸ್ಪ್ರಿಂಗಿನದು. ನಾನು ಹೊಡೆದದ್ದು ನೋವಿನ ಮಾತ್ರೆ.

ತಿಪಟೂರಿನ ನಮ್ಮ ಬೀದಿಯ ಹಿಟ್ಟಿನ ಗಿರಣಿಯಲ್ಲಿ ಪಟ್ಟಿ ಜಾರಿದರೆ ಗಿರಣಿಯಾತ ರಾಳ ಸವರುತ್ತಿದ್ದ. ಆದರೆ ರಾತ್ರಿ ಗಿರಣಿ ನಿಂತ ಮೇಲೆ ಪಟ್ಟಿಯನ್ನು ಬಿಚ್ಚಿ ನೋಡುತ್ತಲೂ ಇದ್ದ. ನಾವು, ಓದಿದವರು, ರಾಳ ಸವರುವುದನ್ನಷ್ಟೇ ಕಲಿತೆವು. ಬಾನೆಟ್ ಎತ್ತುವುದು ಡ್ರೈವರಿನ ಕೆಲಸ, ಗ್ಯಾರೇಜಿನ ಹುಡುಗನ ಕೆಲಸ ಎಂಬ ಊರಿನ ಗತ್ತನ್ನು ವಿಮಾನದಲ್ಲಿ ಇಲ್ಲಿಗೂ ಹೊತ್ತು ತಂದಿದ್ದೇವೆ. ಈ ಗತ್ತು ಹೋಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿಗೆ ಬರುವ ಮಕ್ಕಳು ಮೊದಲು ಕೊಳ್ಳುವುದು ಹಳೆಯ ಕಾರನ್ನೇ. ಅವುಗಳಲ್ಲಿ ಕೆಲವಕ್ಕೆ ಕಣ್ಣಿಗೆ ಕಾಣದ ಇನ್ನೊಂದು ಬೆಲ್ಟ್ ಇರುತ್ತದೆ: ಕವಾಟಗಳನ್ನೂ ಪಿಸ್ಟನ್ನುಗಳನ್ನೂ ಒಂದೇ ತಾಳಕ್ಕೆ ಕಟ್ಟಿಹಾಕುವ ಟೈಮಿಂಗ್ ಬೆಲ್ಟ್. ನಮ್ಮ ಕುಟುಂಬಗಳಿಗೆ ಪ್ರಿಯವಾದ ಹೋಂಡಾ ಒಡಿಸ್ಸಿ ವ್ಯಾನಿನ ಎಂಜಿನ್ನಿನಲ್ಲೂ ಅದುಂಟು. ಸಾಮಾನ್ಯವಾಗಿ ಒಂದು ಲಕ್ಷ ಮೈಲಿಯ ಆಸುಪಾಸಿನಲ್ಲಿ ಅಥವಾ ಏಳೆಂಟು ವರ್ಷಕ್ಕೊಮ್ಮೆ ಬದಲಿಸಬೇಕು. ಆಗಲೇ ನೀರಿನ ಪಂಪನ್ನೂ ಬದಲಿಸುವುದು ಜಾಣತನ. ಅದು ಕೀರಲುವುದಿಲ್ಲ, ದೀಪ ಹೊತ್ತಿಸುವುದಿಲ್ಲ. ಹರಿದರೆ ಇಂಥ ಎಂಜಿನ್ನಿನಲ್ಲಿ ಪಿಸ್ಟನ್ ಕವಾಟಗಳಿಗೆ ಬಡಿಯುತ್ತದೆ, ರಿಪೇರಿಯ ಖರ್ಚು ಕಾರಿನ ಬೆಲೆಯನ್ನೇ ಮೀರಬಹುದು. ಓದಿನ ಸಾಲದಲ್ಲಿರುವ ಹುಡುಗ ಇದನ್ನು ಊರಿಗೆ ತಿಳಿಸುವುದೂ ಇಲ್ಲ.

ಮೈಸೂರಿನಿಂದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯಕ್ಕೆ ಬಂದಿರುವ ಬಂಧುಗಳ ಹುಡುಗ ಮೊನ್ನೆ ಕೊಳ್ಳಲಿರುವ ಕಾರಿನ ಚಿತ್ರ ಕಳುಹಿಸಿದ. ಬೆಲ್ಟ್ ಬದಲಿಸಿದ ರಸೀದಿ ಇದೆಯೇ ಎಂದು ಕೇಳಿದ್ದೇನೆ. ಸೀಟುಗಳು ಚರ್ಮದವು ಎಂಬ ಉತ್ತರ ಬಂದಿದೆ.