ಬಟ್ಟಿ ಇಳಿಸಿದ ನೀರಿನಲ್ಲಿ ಪಾಸಾದವರು

“ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಫಾಸ್ಫೇಟಿಗೇನು ಕೆಲಸ ಮಾರಾಯ?” ಎಂದು ಸಂಪಾದಕ ಮಿತ್ರರು ಕೇಳಿದರು. ಕೆಲಸ ಇದೆ. ಪವಾಯಿ ಕೆರೆಯ ದಂಡೆಯಲ್ಲಿ ಕೂತು ಕವಿತೆ ಬರೆದವರು ನಮ್ಮಲ್ಲೇ ಇದ್ದಾರೆ. ಅವರು ಹಸಿರು ಹಸಿರು ಎಂದು ಕೊಂಡಾಡಿದ್ದು ಅಂತರಗಂಗೆಯನ್ನು. ಕೆರೆಗೆ ಉಸಿರು ಕಟ್ಟುತ್ತಿರುವ ಲಕ್ಷಣ ಅದು.

ಆ ಗಿಡಕ್ಕೂ ಪಾಚಿಗೂ ಊಟ ಬಡಿಸುವುದರಲ್ಲಿ ಗಟಾರದ ನೀರಿನ ಫಾಸ್ಫೇಟಿನದು, ಅಂದರೆ ರಂಜಕದ್ದು, ದೊಡ್ಡ ಪಾಲು. ಒಂದು ಗ್ರಾಂ ರಂಜಕ ಸಿಕ್ಕರೆ ಸುಮಾರು 100 ಗ್ರಾಂ ಒಣತೂಕದ ಪಾಚಿ ಬೆಳೆಯಬಲ್ಲದು. ಲೀಟರಿಗೆ 0.03 ಮಿಲಿಗ್ರಾಂ ರಂಜಕವಿದ್ದರೂ ಕೆರೆ ಕೆಡುವ ದಾರಿ ಹಿಡಿಯುತ್ತದೆ. ಇಂಥ ಸಣ್ಣ ಮೊತ್ತವನ್ನು ಅಳೆಯುವ ಬಣ್ಣದ ವಿಧಾನವನ್ನು ಮರ್ಫಿ ಮತ್ತು ರೈಲಿ 1962ರಲ್ಲೇ ಕೊಟ್ಟರು. ಮಾಲಿಬ್ಡೇಟ್ ಹಾಕಿ, ಆಸ್ಕಾರ್ಬಿಕ್ ಆಮ್ಲ ಹಾಕಿ, ನೀಲಿ ಎಷ್ಟು ಗಾಢವಾಯಿತು ಅಂತ ನೋಡುವುದು. ಒಳ್ಳೆಯ ವಿಧಾನವೇ. ಆದರೆ ನೀರನ್ನು ಬಾಟಲಿಯಲ್ಲಿ ಲ್ಯಾಬಿಗೆ ತರಬೇಕು. ದಾರಿಯಲ್ಲಿ ಬಾಟಲಿಯೊಳಗಿನ ಜೀವಿಗಳು ಉಪವಾಸ ಇರುತ್ತವೆಯೆ? ರಾತ್ರಿ ಗಟಾರಕ್ಕೆ ಬಿಟ್ಟದ್ದು ಬೆಳಗಿನ ಬಾಟಲಿಗೆ ಸಿಗುವುದೂ ಇಲ್ಲ. ಕೆರೆಯ ದಂಡೆಯಲ್ಲೇ ಕೂತು ಹಗಲೂ ರಾತ್ರಿ ಅಳೆಯುವ ವಿದ್ಯುತ್-ರಾಸಾಯನಿಕ ಸೆನ್ಸಾರ್ ಬೇಕು ಅನ್ನುವುದು ಅದಕ್ಕೇ.

ತೊಡಕು ಏನೆಂದರೆ, ಫಾಸ್ಫೇಟ್ ಬಲು ಬಿಗಿಮುಷ್ಟಿಯ ಆಸಾಮಿ. ಅದರ ರಂಜಕ ಆಗಲೇ ಉತ್ಕರ್ಷಣದ ಕೊನೆಯ ಮೆಟ್ಟಿಲಲ್ಲಿ ಕೂತಿದೆ. ಇಲೆಕ್ಟ್ರೋಡಿಗೆ ಇಲೆಕ್ಟ್ರಾನು ಕೊಡುವುದಿಲ್ಲ, ಸುಲಭವಾಗಿ ತೆಗೆದುಕೊಳ್ಳುವುದೂ ಇಲ್ಲ. ಹೀಗಾಗಿ ಮತ್ತೆ ಮಾಲಿಬ್ಡೇಟಿನ ಮಧ್ಯಸ್ಥಿಕೆಯೇ ಬೇಕು. ಆಮ್ಲದಲ್ಲಿ ಹನ್ನೆರಡು ಮಾಲಿಬ್ಡಿನಂ ಪರಮಾಣುಗಳು ಒಂದು ರಂಜಕವನ್ನು ಸುತ್ತುಗಟ್ಟುತ್ತವೆ. ಇಲೆಕ್ಟ್ರಾನು ಪಡೆಯುವುದು ಆ ಮಾಲಿಬ್ಡಿನಂ; ಆ ಕರೆಂಟು ಅಳೆದರೆ ಫಾಸ್ಫೇಟಿನ ಲೆಕ್ಕ ಸಿಗುತ್ತದೆ. ಆದರೆ ನೀರಿನಲ್ಲಿರುವ ಸಿಲಿಕೇಟೂ ಅದೇ ವೇಷ ಹಾಕಿಕೊಂಡು ಬರುತ್ತದೆ, ಆರ್ಸೆನೇಟೂ ಬರುತ್ತದೆ. ಆಮ್ಲ ಹೆಚ್ಚಿಸಿ ಸಿಲಿಕೇಟನ್ನು ಬಹುಮಟ್ಟಿಗೆ ದೂರವಿಡಬಹುದು. ಇನ್ನು ಕೋಬಾಲ್ಟ್ ತಂತಿ. ಇದು ಮಾಲಿಬ್ಡೇಟಿನ ಹಂಗಿಲ್ಲದೆ ಫಾಸ್ಫೇಟಿಗೆ ಓಗೊಡುತ್ತದೆ. ಕರಗಿದ ಆಮ್ಲಜನಕ ಏರಿಳಿದರೂ ಓಗೊಡುತ್ತದೆ! ಪಾಚಿಗಟ್ಟಿದ ಕೆರೆಯಲ್ಲಿ ಆಮ್ಲಜನಕ ಹಗಲು ಏರಿ ರಾತ್ರಿ ಇಳಿಯುತ್ತಲೇ ಇರುತ್ತದೆ.

ನನ್ನ ತಕರಾರು ಸೆನ್ಸಾರಿನ ಮೇಲಲ್ಲ, ನಮ್ಮ ಪ್ರಾಜೆಕ್ಟುಗಳ ಮೇಲೆ. ಬಟ್ಟಿ ಇಳಿಸಿದ ನೀರಿಗೆ ಚಿಟಿಕೆ ಪೊಟ್ಯಾಸಿಯಂ ಫಾಸ್ಫೇಟ್ ಹಾಕುತ್ತೇವೆ. ಗ್ರಾಫಿನಲ್ಲಿ ನೆಟ್ಟನೆಯ ಗೆರೆ, ವೈವಾದಲ್ಲಿ ಶಹಭಾಸ್. ಕಳೆದ ವರ್ಷ ನಾವು ಮೂವರು ಕೋಬಾಲ್ಟ್ ತಂತಿಯನ್ನು ಒಂದು ಬಕೀಟು ಕೆರೆ ನೀರಿನಲ್ಲಿ ಬಿಟ್ಟು ನೋಡಿದೆವು. ನಾಲ್ಕನೆಯ ದಿನಕ್ಕೆ ತಂತಿಯ ಮೇಲೆ ಲೋಳೆ. ಅಂಕಿ ಎತ್ತಲೋ ಹೊರಟುಹೋಗಿತ್ತು. “ಈ ಪುಟ ವರದಿಯಲ್ಲಿ ಬೇಡ, ಚೆಂದ ಕಾಣಿಸೋದಿಲ್ಲ” ಎಂಬ ಸಲಹೆ ಬಂತು. ತೆಗೆದೆವು. ಮಾರ್ಕೂ ಬಂತು.

ತೆಗೆಯಬಾರದಿತ್ತು. ಕೆರೆಗೆ ಸಂಬಂಧಪಟ್ಟದ್ದು ಆ ವರದಿಯಲ್ಲಿ ಅದೊಂದೇ ಪುಟ. ಎಷ್ಟು ಸೂಕ್ಷ್ಮವಾಗಿ ಅಳೆಯಿತು ಎಂಬುದರ ಜತೆಗೆ, ಕೊಳೆ ನೀರಿನಲ್ಲಿ ಎಷ್ಟು ದಿನ ಬಾಳಿತು ಎಂಬುದನ್ನೂ ಪ್ರತಿ ಪ್ರಾಜೆಕ್ಟಿನಲ್ಲಿ ಬರೆಯಲೇಬೇಕು, ಅದಕ್ಕೆ ಮಾರ್ಕೂ ಇರಬೇಕು ಎಂಬುದು ನನ್ನ ವಾದ. ಈ ವರ್ಷ ಇದೇ ಪ್ರಾಜೆಕ್ಟ್ ಹಿಡಿಯುವವರು ಯಾರಾದರೂ ಇದ್ದರೆ, ಆ ಪುಟ ನನ್ನ ಹತ್ತಿರ ಇದೆ, ಬಂದು ತಗೊಂಡು ಹೋಗಿ.